ತಿದ್ದುವ ಕೈ



ನಮ್ಮಲ್ಲಿ ವಯಸ್ಸಾದವರು ಅನೇಕರು ಐಗಳ ಮಠದಲ್ಲಿ ಅಕ್ಷರ ಕಲಿತವರು. ನೆಲದ ಮೇಲೆ ಹರಡಿದ ಮರಳಿನಲ್ಲಿ ಐಗಳು ಬೆರಳಿನಿಂದ ಒಂದು ಅಕ್ಷರ ಬರೆಯುತ್ತಿದ್ದರು. ಆ ಗೆರೆಯ ಮೇಲೆಯೇ ನಮ್ಮ ಬೆರಳು ಸಾಗಬೇಕು. ಒಮ್ಮೆಯಲ್ಲ, ಹತ್ತು ಸಲವಲ್ಲ, ಮರಳು ಸರಿದು ಕೆಳಗಿನ ಸಾರಣೆಯ ನೆಲ ಕಾಣಿಸುವವರೆಗೆ. ಈ ಕೆಲಸಕ್ಕೆ ಕನ್ನಡದಲ್ಲಿ 'ತಿದ್ದುವುದು' ಎಂದು ಹೆಸರು. ತಪ್ಪನ್ನು ಸರಿಪಡಿಸುವುದಕ್ಕೂ ನಾವು 'ತಿದ್ದುವುದು' ಎಂದೇ ಹೇಳುತ್ತೇವೆ. ಗುರು ಬರೆದ ಗೆರೆಯ ಮೇಲೆ ಕೈಯಾಡಿಸುವುದಕ್ಕೂ ತನ್ನ ದೋಷವನ್ನು ನೀಗಿಕೊಳ್ಳುವುದಕ್ಕೂ ನಮ್ಮ ನುಡಿ ಒಂದೇ ಮಾತನ್ನು ಇಟ್ಟುಕೊಂಡಿದೆ. ಮಗು ಅಕ್ಷರವನ್ನು ತಿದ್ದುತ್ತದೆ. ಅದೇ ಹೊತ್ತಿನಲ್ಲಿ ಅಕ್ಷರವು ಮಗುವನ್ನು ತಿದ್ದುತ್ತದೆ.

ಆದರೆ ಅದೇ ಮಗು ಪಕ್ಕದವನ ಪಾಟಿಯನ್ನು ನೋಡಿ ಲೆಕ್ಕದ ಉತ್ತರ ಬರೆದರೆ ಅದನ್ನು ನಕಲು ಎನ್ನುತ್ತೇವೆ. ಐಗಳ ಬೆತ್ತ ಬೆನ್ನಿಗೆ ಬೀಳುತ್ತದೆ. ಹೊರಗಣ್ಣಿಗೆ ಎರಡೂ ಒಂದೇ ಬಗೆಯ ಕೆಲಸಗಳು. ಎರಡರಲ್ಲಿಯೂ ಮಗುವಿನ ಸ್ವಂತದ್ದೆಂಬುದು ಏನೂ ಇಲ್ಲ. ಇನ್ನೊಬ್ಬರು ಬರೆದುದನ್ನು ಅದು ತನ್ನ ಕೈಯಿಂದ ಮತ್ತೆ ಬರೆದಿದೆ, ಅಷ್ಟೆ. ಹಾಗಿದ್ದರೆ ಒಂದು ವಿದ್ಯೆಯಾಗಿ ಇನ್ನೊಂದು ಕಳವಾಗುವುದು ಯಾವ ಕಾರಣದಿಂದ? ಮೂವತ್ತು ವರ್ಷ ಗಣಿತ ಕಲಿಸಿದ ನಾನು ಈ ಪ್ರಶ್ನೆಗೆ ಉತ್ತರ ಬಲ್ಲೆನೆಂದೇ ನಂಬಿದ್ದೆ. ನಿವೃತ್ತನಾದ ಮೇಲೆ ಜಲವರ್ಣದಲ್ಲಿ ನಿಸರ್ಗದೃಶ್ಯ ಬರೆಯಲು ಕಲಿಯತೊಡಗಿದಾಗ ಆ ನಂಬಿಕೆ ಕದಲಿತು. ಅದರ ವೃತ್ತಾಂತವನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಅದರಲ್ಲಿ ನನ್ನ ಅಪರಾಧವೊಂದೂ ಸೇರಿದೆ.

ನಮ್ಮೂರ ಕೆರೆಯನ್ನು ಬರೆಯಬೇಕೆಂಬ ಆಸೆಯಿಂದ ಬಣ್ಣದ ಪೆಟ್ಟಿಗೆ ಕೊಂಡೆ. ಕೆರೆ ಕಾಗದದ ಮೇಲೆ ಬರಲಿಲ್ಲ, ಕೆಸರು ಬಂದಿತು. ಪರಿಚಯದ ಡ್ರಾಯಿಂಗ್ ಮಾಸ್ತರರೊಬ್ಬರು ಅದನ್ನು ನೋಡಿ, ಮೊದಲು ಒಬ್ಬ ದೊಡ್ಡ ಚಿತ್ರಕಾರನನ್ನು ತಿದ್ದಿರಿ, ಆಮೇಲೆ ಕೆರೆಗೆ ಹೋಗಿರಿ ಎಂದು ಹೇಳಿ ಒಂದು ಅಚ್ಚಿನ ಚಿತ್ರವನ್ನು ಕೊಟ್ಟರು. ಅದು ಇಂಗ್ಲೆಂಡಿನ ಥಾಮಸ್ ಗರ್ಟಿನ್ ೧೮೦೦ರಲ್ಲಿ ಬರೆದ 'ಚೆಲ್ಸಿಯ ಬಿಳಿಮನೆ'. ಮೂಲಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸಂಜೆಯ ಹೊತ್ತು, ಅಗಲವಾಗಿ, ನಿಶ್ಚಲವಾಗಿ ಮಲಗಿರುವ ಥೇಮ್ಸ್ ನದಿ, ದಡದಲ್ಲಿ ಒಂದು ಗಾಳಿಗಿರಣಿ, ಕೆಲವು ಮರಗಳು. ಎಲ್ಲವೂ ಬೂದು, ಎಲ್ಲವೂ ಮಬ್ಬು. ಆ ಮಬ್ಬಿನ ನಡುವೆ ಒಂದು ಚಿಕ್ಕ ಮನೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅದರ ಕೆಳಗೆ ನೀರಿನಲ್ಲಿ ಅದರದೇ ಬಿಳಿಯ ಪ್ರತಿಬಿಂಬ.

ಜಲವರ್ಣದ ರೀತಿಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಇದರಲ್ಲಿ ಬಣ್ಣವು ಪಾರದರ್ಶಕ. ಚಿತ್ರದಲ್ಲಿ ಬೆಳಕೆಂದು ಕಾಣುವುದು ಬಣ್ಣದ ಅಡಿಯಲ್ಲಿರುವ ಕಾಗದದ ಬಿಳುಪೇ. ಆದ್ದರಿಂದ ತಿಳಿಯಿಂದ ಗಾಢಕ್ಕೆ ಸಾಗಬೇಕೇ ಹೊರತು ಹಿಂದಿರುಗಿ ಬರುವ ದಾರಿ ಬಹುಮಟ್ಟಿಗೆ ಇಲ್ಲ. ಹಲಗೆಯನ್ನು ತುಸು ಓರೆಯಾಗಿಟ್ಟು, ನೀರು ತುಂಬಿದ ಕುಂಚದಿಂದ ಮೇಲಿನಿಂದ ಕೆಳಕ್ಕೆ ತೆಳುಬಣ್ಣವನ್ನು ಹರಿಸುತ್ತ ಬರುವುದಕ್ಕೆ ವಾಶ್ ಎನ್ನುತ್ತಾರೆ. ಒಂದು ವಾಶ್ ಪೂರ್ಣವಾಗಿ ಒಣಗುವ ಮುನ್ನ ಅವಸರಪಟ್ಟು ಕುಂಚವಿಟ್ಟರೆ ಕಲೆ ಉಳಿಯುತ್ತದೆ. ತಾಳ್ಮೆಗೆಟ್ಟ ಕ್ಷಣವು ಕಾಗದದ ಮೇಲೆ ಶಾಶ್ವತವಾಗಿ ನಿಲ್ಲುತ್ತದೆ.

ನನ್ನ ಮೊದಲ ಪ್ರತಿಯಲ್ಲಿ ಆಕಾಶ, ನದಿ, ದಡ ಎಲ್ಲವನ್ನೂ ಬರೆದು, ಕೊನೆಗೆ ಮನೆಯ ಸ್ಥಾನದಲ್ಲಿ ಬಿಳಿಬಣ್ಣವನ್ನು ಹಚ್ಚಿದೆ. ಗೋಡೆಗೆ ಸುಣ್ಣ ಮೆತ್ತಿದಂತಾಯಿತು, ಬೆಳಕು ಬರಲಿಲ್ಲ. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದಕ್ಕೆ ಕುಳಿತಾಗ ಮೂಲವನ್ನು ಮತ್ತೆ ಮತ್ತೆ ಕಣ್ಣಿಟ್ಟು ನೋಡಿದ ಮೇಲೆ ತಿಳಿಯಿತು: ಗರ್ಟಿನ್ ಆ ಸ್ಥಳದಲ್ಲಿ ಏನನ್ನೂ ಹಚ್ಚಿಲ್ಲ. ಆ ಬಿಳಿಮನೆ ಬರಿಯ ಕಾಗದ. ಮೊದಲ ವಾಶ್ ಹರಿಸುವುದಕ್ಕೆ ಮುಂಚೆಯೇ ಬೆಳಕು ಎಲ್ಲಿ ನಿಲ್ಲಬೇಕೆಂದು ಅವನು ನಿಶ್ಚಯಿಸಿಕೊಂಡು, ಕೊನೆಯವರೆಗೂ ಆ ಬೆರಳಗಲದ ಜಾಗವನ್ನು ತನ್ನ ಕುಂಚದಿಂದಲೇ ಕಾಪಾಡಿಕೊಂಡಿದ್ದಾನೆ. ಬೆಳಕನ್ನು ಆಮೇಲೆ ತಂದು ಹಚ್ಚಲಾಗದು, ಆರಂಭದಿಂದ ಕಾಯ್ದುಕೊಳ್ಳಬೇಕು. ಆ ಚಿತ್ರವನ್ನು ನಾನು ಅದಕ್ಕೆ ಮುನ್ನ ನೂರು ಬಾರಿ ನೋಡಿ ಮೆಚ್ಚಿದ್ದೆ. ಮೆಚ್ಚಿದಾಗ ಕಾಣದೆ ಇದ್ದುದು ತಿದ್ದಿದಾಗ ಕಂಡಿತು. ನೋಡುವವನು ಚಿತ್ರಕಾರ ಮಾಡಿದ್ದನ್ನಷ್ಟೇ ಕಾಣುತ್ತಾನೆ. ತಿದ್ದುವವನಿಗೆ ಅವನು ಮಾಡದೆ ಬಿಟ್ಟದ್ದೂ ಕಾಣುತ್ತದೆ.

ಇನ್ನು ಆ ಗರ್ಟಿನ್ ಕಲಿತದ್ದಾದರೂ ಹೇಗೆ? ಅವನೂ ತಿದ್ದಿಯೇ ಕಲಿತವನು. ಲಂಡನ್ನಿನಲ್ಲಿ ಥಾಮಸ್ ಮನ್ರೊ ಎಂಬ ವೈದ್ಯನಿದ್ದನು. ನಮ್ಮವರಿಗೆ ಹೆಸರಿನಿಂದ ಪರಿಚಿತನಾದ ಮದರಾಸಿನ ಗವರ್ನರ್ ಮನ್ರೋ ಬೇರೆ. ಇವನು ಬುದ್ಧಿಭ್ರಮಣೆಯಾದವರಿಗೆ ಚಿಕಿತ್ಸೆ ಮಾಡುತ್ತಿದ್ದವನು, ಚಿತ್ರಗಳೆಂದರೆ ಪ್ರಾಣ ಬಿಡುವವನು. ೧೭೯೪ರ ಸುಮಾರಿಗೆ ಅವನ ಮನೆಯಲ್ಲಿ ಸಂಜೆ ೬ರಿಂದ ರಾತ್ರಿ ೧೦ರವರೆಗೆ ಯುವಕರು ಕುಳಿತು ಹಿರಿಯರ ಚಿತ್ರಗಳನ್ನು ಪ್ರತಿ ಮಾಡುತ್ತಿದ್ದರು. ಅವರಲ್ಲಿ ಇಬ್ಬರು ೧೭೭೫ರಲ್ಲಿ ಹುಟ್ಟಿದ ಸಮವಯಸ್ಕರು: ಒಬ್ಬ ಗರ್ಟಿನ್, ಇನ್ನೊಬ್ಬ ಮುಂದೆ ಜಗತ್ಪ್ರಸಿದ್ಧನಾದ ಟರ್ನರ್. ಮೂರು ವರ್ಷ ಹೀಗೆ ನಡೆಯಿತೆಂದೂ, ಗರ್ಟಿನ್ ರೇಖೆಗಳನ್ನು ಎಳೆದರೆ ಟರ್ನರ್ ಬಣ್ಣ ಹರಿಸುತ್ತಿದ್ದನೆಂದೂ, ಟರ್ನರನಿಗೆ ಒಂದು ಸಂಜೆಗೆ ೩ ಶಿಲ್ಲಿಂಗ್ ೬ ಪೆನ್ಸ್ ಸಿಗುತ್ತಿತ್ತೆಂದೂ ಅವರೇ ಹೇಳಿದ್ದನ್ನು ಜೋಸೆಫ್ ಫ್ಯಾರಿಂಗ್ಟನ್ ಎಂಬ ಚಿತ್ರಕಾರ ೧೭೯೮ರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಅವರು ಹೆಚ್ಚಾಗಿ ತಿದ್ದಿದ್ದು ಜಾನ್ ರಾಬರ್ಟ್ ಕೋಜೆನ್ಸ್ ಬರೆದ ಚಿತ್ರಗಳನ್ನು. ಕೋಜೆನ್ಸ್ ಎರಡು ಬಾರಿ ಇಟಲಿಗೆ ಹೋಗಿ, ಆಲ್ಪ್ಸ್ ಪರ್ವತಗಳನ್ನೂ ಅಲ್ಲಿಯ ಸರೋವರಗಳನ್ನೂ ಕಣ್ಣಾರೆ ಕಂಡು ಬರೆದವನು. ಈ ಹುಡುಗರು ಅಭ್ಯಾಸಕ್ಕೆ ಕುಳಿತಾಗ ಆತನು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಅದೇ ಮನ್ರೊ ವೈದ್ಯನ ಆರೈಕೆಯಲ್ಲಿದ್ದನು, ೧೭೯೭ರಲ್ಲಿ ತೀರಿಕೊಂಡನು. ಎಂಥ ಸನ್ನಿವೇಶ ನೋಡಿರಿ! ತಾನು ಕಂಡುದನ್ನು ಇನ್ನು ಹೇಳಲಾರದ ಸ್ಥಿತಿಯಲ್ಲಿ ಗುರುವಿದ್ದಾನೆ. ಅವನು ಕಂಡ ಬೆಟ್ಟಗಳನ್ನು ಎಂದೂ ಕಾಣದ ಇಬ್ಬರು ಹುಡುಗರು ದೀಪದ ಬೆಳಕಿನಲ್ಲಿ ಕುಳಿತು ಅವನ ಕಣ್ಣನ್ನೇ ನಂಬಿ ಆ ಬೆಟ್ಟಗಳನ್ನು ಬರೆಯುತ್ತಿದ್ದಾರೆ. ತನ್ನ ಅನುಭವಕ್ಕೆ ಬರುವ ಮುನ್ನ ಇನ್ನೊಬ್ಬರ ಅನುಭವವನ್ನು ನಂಬಿ ಹೆಜ್ಜೆಯಿಡುವುದನ್ನೇ ನಾವು ಶ್ರದ್ಧೆ ಎನ್ನುತ್ತೇವೆ. ೧೮೦೨ರಲ್ಲಿ ಟರ್ನರ್ ಆಲ್ಪ್ಸ್ ಪರ್ವತಗಳ ಎದುರಿಗೆ ನಿಂತನು. ೧೮೧೯ರಲ್ಲಿ ಇಟಲಿಯನ್ನು ಕಂಡನು. ಶ್ರದ್ಧೆಯಿಂದ ಪಡೆದುದನ್ನು ಆಗ ತನ್ನ ಕಣ್ಣಿನಿಂದ ಪರೀಕ್ಷಿಸಿಕೊಂಡನು. ಗರ್ಟಿನ್‌ಗೆ ಅಷ್ಟು ಆಯುಷ್ಯವಿರಲಿಲ್ಲ. ಅದೇ ೧೮೦೨ರಲ್ಲಿ, ೨೭ನೆಯ ವಯಸ್ಸಿನಲ್ಲಿ ಅವನು ಮರಣ ಹೊಂದಿದನು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇನ್ನೊಬ್ಬರನ್ನು ತಿದ್ದುತ್ತ ಕುಳಿತರೆ ಶಿಷ್ಯನ ಸ್ವಂತಿಕೆ ಸಾಯುವುದಿಲ್ಲವೇ ಎಂದು ನೀವು ಕೇಳಬಹುದು. ಮನ್ರೊ ಮನೆಯ ಪ್ರತಿಗಳೇ ಇದಕ್ಕೆ ಉತ್ತರ ಹೇಳುತ್ತವೆ. ಅವುಗಳಲ್ಲಿ ಯಾವ ಕೈ ಯಾರದೆಂಬುದನ್ನು ಕುರಿತು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆ ಮೂರು ವರ್ಷ ಇಬ್ಬರೂ 'ನಾನು' ಎಂಬುದನ್ನು ಅಷ್ಟರಮಟ್ಟಿಗೆ ಬದಿಗಿಟ್ಟಿದ್ದರು. ಆದರೆ ಮುಂದೆ ಇಬ್ಬರೂ ಎಷ್ಟು ಬೇರೆಯಾದರು! ಗರ್ಟಿನ್ ಶಾಂತವಾದ, ವಿಶಾಲವಾದ ಬಯಲುಗಳ ಚಿತ್ರಕಾರನಾದ. ಟರ್ನರ್ ಬಿರುಗಾಳಿ, ಸಮುದ್ರ, ಉರಿಯುವ ಸೂರ್ಯರ ಚಿತ್ರಕಾರನಾದ. ಒಂದೇ ಮರಳಿನ ಮೇಲೆ ಒಂದೇ ಅಕ್ಷರವನ್ನು ತಿದ್ದಿದ ನಮ್ಮ ನಿಮ್ಮ ಕೈಬರಹಗಳು ಇಂದು ಒಂದೇ ಆಗಿವೆಯೇ? ಬಿಟ್ಟುಕೊಟ್ಟರೆ ಸತ್ತುಹೋಗುವ ಸ್ವಂತಿಕೆ ಬಹುಶಃ ಸ್ವಂತಿಕೆಯಾಗಿರಲಿಲ್ಲ, ಅದು ಹಟವಾಗಿತ್ತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವುಂಟು. ಮೈಸೂರಿನ ಕೆ. ವೆಂಕಟಪ್ಪನವರು (೧೮೮೬–೧೯೬೫) ಅರಮನೆಯ ಆಶ್ರಯದ ಸಾಂಪ್ರದಾಯಿಕ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಅಂಥ ಮನೆಗಳಲ್ಲಿ ಹಿರಿಯರ ಗೆರೆಯನ್ನು ತಿದ್ದುವುದೇ ವಿದ್ಯಾರಂಭ. ಮುಂದೆ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಎರಡು ಸಂಪ್ರದಾಯಗಳಿಗೆ ತಲೆಬಾಗಿದ ಆ ಶಿಷ್ಯರು ಊಟಿ, ಕೊಡೈಕನಾಲ್‌ಗಳ ಬೆಟ್ಟಗಳ ಎದುರು ಕುಳಿತು ಬರೆದ ಜಲವರ್ಣದ ದೃಶ್ಯಗಳು ಮತ್ತೊಬ್ಬರ ಚಿತ್ರಗಳಂತೆ ಇಲ್ಲ, ಅವು ವೆಂಕಟಪ್ಪನವರವೇ.

ಆದ್ದರಿಂದ ತಿದ್ದುವುದರಲ್ಲಿ ದೋಷವಿಲ್ಲ. ದೋಷವು ಬೇರೆಡೆ ಇದೆ. ಅದನ್ನು ನಾನು ಪುಸ್ತಕದಿಂದ ತಿಳಿದುಕೊಂಡಿಲ್ಲ, ಮಾಡಿ ತಿಳಿದೆ.

ಬಿಳಿಮನೆಯ ನನ್ನ ಏಳನೆಯ ಪ್ರತಿ ತಕ್ಕಮಟ್ಟಿಗೆ ಚೆನ್ನಾಗಿ ಬಂದಿತು. ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಉಂಡು ಓದಿದ ಗೆಳೆಯನೊಬ್ಬ ದಲಾಲಿ ಅಂಗಡಿಯನ್ನಿಟ್ಟುಕೊಂಡಿದ್ದಾನೆ. ಅವನು ಅದನ್ನು ಕಂಡು ಮೆಚ್ಚಿ, ಒಯ್ದು, ಕನ್ನಡಿ ಕಟ್ಟಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಮೂಲೆಯಲ್ಲಿ ನನ್ನ ಹೆಸರಿನ ಎರಡಕ್ಷರಗಳಿದ್ದವು. ಬಂದವರಿಗೆಲ್ಲ ಅವನು "ನಮ್ಮ ಮಾಸ್ತರ ಬರೆದದ್ದು" ಎಂದು ತೋರಿಸುತ್ತಿದ್ದ. ಆ ಮಾತು ಸುಳ್ಳಲ್ಲ. ಬರೆದದ್ದು ನನ್ನ ಕೈಯೇ ತಾನೆ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಂದು ದಿನ ಹಿರಿಯರೊಬ್ಬರು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಇದು ಯಾವ ಊರಿನ ಹೊಳೆ ಎಂದು ನನ್ನನ್ನೇ ಕೇಳಿದರು. "ಕಲ್ಪನೆ" ಎಂದೆ. ಅದುವರೆಗೆ ಮೌನವಾಗಿದ್ದದ್ದು ಆ ಒಂದು ಮಾತಿನಿಂದ ಸುಳ್ಳಾಯಿತು.

ಅದರ ಫಲವನ್ನು ಕೇಳಿರಿ. ಮುಂದಿನ ಎರಡು ವರ್ಷ ನಾನು ಕೆರೆಯ ಕಡೆಗೆ ಹೋಗಲಿಲ್ಲ. ಸ್ವಂತವಾಗಿ ಏನನ್ನು ಬರೆದರೂ ಅದು ಪಡಸಾಲೆಯ ಆ ಚಿತ್ರಕ್ಕಿಂತ ಕಳಪೆಯಾಗುವುದು ಖಂಡಿತ. ಕಳಪೆಯಾದರೆ ಜನ ಸಂಶಯಪಡುವುದೂ ಖಂಡಿತ. ಗುರುವಿನ ಹೆಸರನ್ನು ಮುಚ್ಚಿಟ್ಟವನು ಗುರುವಿನಿಂದ ಬಿಡುಗಡೆ ಹೊಂದಿದನೆಂದು ತಿಳಿಯಬೇಡಿರಿ. ಅವನು ಗುರುವಿನ ಚಿತ್ರಕ್ಕೆ ಕಾವಲುಗಾರನಾಗುತ್ತಾನೆ. ಅದನ್ನು ಬಿಟ್ಟು ಕದಲಲಾರ. ಋಣವನ್ನು ಒಪ್ಪಿಕೊಂಡವನಿಗೆ ಮಾತ್ರ ಮುಂದಿನ ಹೆಜ್ಜೆಯುಂಟು, ತಪ್ಪಿ ಬೀಳುವ ಸ್ವಾತಂತ್ರ್ಯವೂ ಉಂಟು.

ಕೊನೆಗೆ ತಾಳಲಾರದೆ ಗೆಳೆಯನ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆ. ಅವನು ನಗುವನೆಂದೋ ಸಿಟ್ಟಾಗುವನೆಂದೋ ಎಣಿಸಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗರ್ಟಿನ್ ಎಷ್ಟು ವರ್ಷ ಬದುಕಿದ ಎಂದು ಕೇಳಿದ. ಹೇಳಿದೆ. "ಇಪ್ಪತ್ತೇಳಕ್ಕ ತೀರಿಹೋದ ಹುಡುಗನ ಹೆಸರು ಹೇಳಾಕ ನಿನಗೇನು ಕಷ್ಟ ಇತ್ತೋ ಮಾಸ್ತರ? ಹೇಳಿದ್ರ ನಾ ಇಬ್ಬರನ್ನೂ ನೆನೀತಿದ್ದೆ" ಎಂದ.

ವಾಚಕರೇ, ಕಳವೆಂದರೆ ಒಡೆಯನಿಗಾಗುವ ನಷ್ಟವೆಂದು ಮಾತ್ರ ನಾನು ತಿಳಿದಿದ್ದೆ. ಇನ್ನೂರು ವರ್ಷಗಳ ಹಿಂದೆ ಸತ್ತವನಿಗೆ ನನ್ನಿಂದ ಏನು ನಷ್ಟವೆಂದು ವಾದಿಸಿಯೂ ಇದ್ದೆ. ನನ್ನ ಗೆಳೆಯನಿಗೆ ಆದ ನಷ್ಟವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡು ವರ್ಷ ಪ್ರತಿದಿನ ಆ ಬೆಳಕನ್ನು ನೋಡಿದ ಅವನು ಅದರ ಒಡೆಯನಿಗೆ ಕೈಮುಗಿಯುವ ಅವಕಾಶವನ್ನು ಕಳೆದುಕೊಂಡಿದ್ದ. ಮತ್ತು ಅಲ್ಪಾಯುಷಿಯಾದವನಿಗೆ ಈ ಲೋಕದಲ್ಲಿ ಉಳಿಯುವುದು ಹೆಸರೊಂದೇ. ನಾನು ಅದನ್ನೇ ಅಡಗಿಸಿದ್ದೆ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕಲಿಯುವವರು ಹಿರಿಯರ ಚಿತ್ರಗಳ ಎದುರು ಕುಳಿತು ಪ್ರತಿ ಮಾಡುವ ಪದ್ಧತಿ ಇದೆ. ಅಲ್ಲಿ ಎರಡು ಕಟ್ಟಳೆಗಳುಂಟು: ಪ್ರತಿಯು ಮೂಲಕ್ಕಿಂತ ಐದನೆಯ ಒಂದು ಪಾಲು ಚಿಕ್ಕದಾಗಿರಬೇಕು ಇಲ್ಲವೆ ದೊಡ್ಡದಾಗಿರಬೇಕು, ಮೂಲ ಚಿತ್ರಕಾರನ ಸಹಿಯನ್ನು ಮಾತ್ರ ಪ್ರತಿ ಮಾಡಕೂಡದು. ಎಲ್ಲವನ್ನೂ ತಿದ್ದಬಹುದು, ಅಂಕಿತವೊಂದನ್ನು ಬಿಟ್ಟು. ನಮ್ಮ ಶರಣರ ವಿಷಯವನ್ನು ನೆನೆದರೆ ಇದರ ಅರ್ಥ ಇನ್ನೂ ವಿಶದವಾಗುತ್ತದೆ. ಅವರು ಒಬ್ಬರ ಮಾತನ್ನೊಬ್ಬರು ಕೇಳುತ್ತ, ಒಂದೇ ವಚನರೂಪದಲ್ಲಿ ನುಡಿದರು. ಆದರೂ ಒಬ್ಬೊಬ್ಬರ ಅಂಕಿತ ಬೇರೆ. ಆ ಅಂಕಿತವಾದರೂ ಬಹುಮಟ್ಟಿಗೆ ನುಡಿದವರ ಹೆಸರಲ್ಲ, ಅವರು ನಂಬಿದ ದೈವದ ಹೆಸರು. ನನ್ನ ಕೈಯಿಂದ ಬಂದದ್ದೆಲ್ಲ ನನ್ನಿಂದಲೇ ಬಂದದ್ದಲ್ಲ ಎಂಬ ಒಪ್ಪಿಗೆ ಅದರಲ್ಲಿದೆ.

ತಪ್ಪೊಪ್ಪಿಕೊಂಡ ಮೇಲೆ ಚೈತ್ರಮಾಸದ ಒಂದು ದಿನ ಕೆರೆಯ ಏರಿಯ ಮೇಲೆ ಹಲಗೆ ಇಟ್ಟುಕೊಂಡು ಕುಳಿತೆ. ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಕುಳಿತು ಬರೆಯುತ್ತಿದ್ದ ರುಮಾಲೆ ಚೆನ್ನಬಸವಯ್ಯನವರು (೧೯೧೦–೧೯೮೮) ನನ್ನ ಮನಸ್ಸಿನಲ್ಲಿದ್ದರು. ಕಣ್ಣೆದುರಿನ ಮರವನ್ನು ಬಿಟ್ಟು ಬೇರೆ ಮರವನ್ನು ಅವರು ಹುಡುಕಲಿಲ್ಲ. ಎರಡು ಗಂಟೆ ಶ್ರದ್ಧೆಯಿಂದ ಬರೆದೆ. ಕುರಿ ಕಾಯುವ ಹುಡುಗನೊಬ್ಬ ಹಿಂದೆ ಬಂದು ನಿಂತು ನೋಡಿ, "ಅಜ್ಜಾರ, ಇದರಾಗ ಮಳಿ ಬರೂಹಂಗ ಆಗೇತಲ್ರೀ?" ಎಂದ. ನೆತ್ತಿ ಸುಡುವ ಬಿಸಿಲಿನಲ್ಲಿ ಕುಳಿತು ನಾನು ಥೇಮ್ಸ್ ನದಿಯ ಸಂಜೆಯನ್ನು ಬರೆದಿದ್ದೆ! ನನ್ನ ಕೆರೆಯನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿದ್ದೆ.

ಹಾಗಾದರೆ ಕಲಿತದ್ದು ವ್ಯರ್ಥವೇ? ಅಲ್ಲ. ಆ ದಿನ ನಾನು ಗುರುವಿನಿಂದ ಬಂದುದನ್ನು ಎರಡು ಪಾಲು ಮಾಡಿಕೊಂಡೆ. ಲಂಡನ್ನಿನ ಆ ಬೂದುಬಣ್ಣ ಅವನು ಕಂಡದ್ದು; ಅದನ್ನು ಅವನಿಗೇ ಹಿಂದಿರುಗಿಸಬೇಕು. ಬೆಳಕಿನ ಸ್ಥಾನವನ್ನು ಮೊದಲೇ ನಿಶ್ಚಯಿಸಿ ಕೊನೆಯವರೆಗೂ ಅದನ್ನು ಮುಟ್ಟದೆ ಕಾಯುವುದು ಅವನು ಕಲಿಸಿದ್ದು, ಅದನ್ನು ಇಟ್ಟುಕೊಳ್ಳಬೇಕು. ಹೊಸ ಕಾಗದದ ಮೇಲೆ ಮತ್ತೆ ಆರಂಭಿಸಿದೆ. ನಡುಹಗಲಿನ ನಮ್ಮ ಕೆರೆಯ ನೀರು ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ. ಆ ನೀರಿನ ಜಾಗದಲ್ಲಿ ಕುಂಚವನ್ನು ಆಡಿಸಲಿಲ್ಲ. ಸುತ್ತಲಿನ ಏರಿ, ಜಾಲಿಯ ಗಿಡ, ಅದರ ಚಿಕ್ಕ ನೆರಳು ಇವಿಷ್ಟನ್ನೇ ಬರೆದೆ. ನೀರು ತಾನಾಗಿ ಹೊಳೆಯಿತು. ಗರ್ಟಿನ್ ಆ ಕಾಗದದ ಮೇಲೆ ಎಲ್ಲಿಯೂ ಕಾಣುತ್ತಿರಲಿಲ್ಲ. ಆದರೆ ಅವನಿಲ್ಲದೆ ಆ ಚಿತ್ರ ಆಗುತ್ತಿರಲಿಲ್ಲ.

ಟರ್ನರ್ ೧೮೫೧ರಲ್ಲಿ ತೀರಿಕೊಂಡಾಗ ಅವನ ಉಯಿಲಿನಲ್ಲಿ ಒಂದು ಇಚ್ಛೆ ಇತ್ತು. ತನ್ನ ಎರಡು ಚಿತ್ರಗಳನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲಾಡ್ ಲೊರೇನ್ ಎಂಬ ಹದಿನೇಳನೆಯ ಶತಮಾನದ ಮಹಾ ಚಿತ್ರಕಾರನ ಎರಡು ಚಿತ್ರಗಳ ಪಕ್ಕದಲ್ಲಿಯೇ ಇರಿಸಬೇಕೆಂದು. ಟರ್ನರ್ ಕ್ಲಾಡನನ್ನು ಬದುಕಿಡೀ ಅಭ್ಯಾಸ ಮಾಡಿದ್ದನು. ಅದರಲ್ಲಿ ಅಭಿಮಾನ ಎಷ್ಟಿತ್ತೋ, ಸ್ಪರ್ಧೆ ಎಷ್ಟಿತ್ತೋ, ನಾವು ಅಳೆಯಬೇಕಾಗಿಲ್ಲ. ಯಾರಿಂದ ಕಲಿತೆನೋ ಅವರ ಪಕ್ಕದಲ್ಲಿಯೇ ನನ್ನನ್ನು ನಿಲ್ಲಿಸಿ ನೋಡಿರಿ ಎನ್ನುವವನು ಏನನ್ನೂ ಬಚ್ಚಿಟ್ಟಿಲ್ಲ. ಪಕ್ಕದವನ ಪಾಟಿಯನ್ನು ನೋಡಿ ಬರೆದ ಹುಡುಗ ಇದಕ್ಕೆ ಎಂದಿಗೂ ಒಪ್ಪಲಾರ. ಎರಡು ಪಾಟಿಗಳನ್ನು ಜೊತೆಗಿಟ್ಟು ನೋಡುವುದೇ ಅವನಿಗೆ ಭಯ. ಮರಳಿನ ಮೇಲೆ ತಿದ್ದಿದ ಮಗುವಿಗೆ ಆ ಭಯವಿಲ್ಲ. ಐಗಳ ಅಕ್ಷರ ಅದರ ಬೆರಳಿನ ಕೆಳಗೇ ಇದೆ, ಎಲ್ಲರೂ ನೋಡುತ್ತಿದ್ದಾರೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ.

ಚಿತ್ರ ಬರೆಯುವವರು ನಮ್ಮಲ್ಲಿ ಕೆಲವರಿರಬಹುದು. ತಿದ್ದಿ ಕಲಿಯದವರು ಯಾರೂ ಇಲ್ಲ. ವೇದಿಕೆಯ ಮೇಲೆ ನಾವಾಡುವ ಮಾತು, ಮನೆಯಲ್ಲಿ ಮಕ್ಕಳಿಗೆ ಹೇಳುವ ಬುದ್ಧಿ, ಅಂಗಡಿಯ ಲೆಕ್ಕದಲ್ಲಿ ಕಾಯುವ ಪ್ರಾಮಾಣಿಕತೆ, ಇವೆಲ್ಲ ಯಾರೋ ಎಳೆದ ಗೆರೆಯ ಮೇಲೆ ಬೆರಳಾಡಿಸಿ ಪಡೆದವು. ಒಂದು ಸಂಜೆ ಬಿಡುವು ಮಾಡಿಕೊಂಡು ಯೋಚಿಸಿರಿ: ನೀವು ಯಾರನ್ನು ತಿದ್ದಿದಿರಿ? ಅವರ ಹೆಸರನ್ನು ಯಾರ ಮುಂದೆಯಾದರೂ ಹೇಳಿದಿರಾ? ಅವರು ಜೀವಂತವಾಗಿದ್ದರೆ ಅವರಿಗೇ ಹೇಳಿರಿ. ಇಲ್ಲವಾದರೆ ನಿಮ್ಮ ಮಕ್ಕಳಿಗೆ ಹೇಳಿರಿ.

ಗೆಳೆಯನ ಪಡಸಾಲೆಯಲ್ಲಿ ಆ ಚಿತ್ರ ಇನ್ನೂ ಇದೆ. ಕೆಳಗೆ ಅವನು ನನ್ನಿಂದಲೇ ಒಂದು ಸಾಲು ಬರೆಸಿ ಅಂಟಿಸಿದ್ದಾನೆ: "ಥಾಮಸ್ ಗರ್ಟಿನ್ ೧೮೦೦ರಲ್ಲಿ ಬರೆದ ಚಿತ್ರವನ್ನು ನೋಡಿ ತಿದ್ದಿದ್ದು." ಈಗ ಬಂದವರು ಗರ್ಟಿನ್ ಯಾರೆಂದು ಕೇಳುತ್ತಾರೆ; ಅವನು ಸಂತೋಷದಿಂದ ಹೇಳುತ್ತಾನೆ. ನನ್ನ ಕೆರೆಯ ಚಿತ್ರವನ್ನು ಅದರ ಪಕ್ಕದಲ್ಲಿ ಇಡೆಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಅಭ್ಯಾಸ ನಡೆದಿದೆ.